ಮೂರನೆಯ ಸಾಲು

ಕಪ್ಪು ಕನ್ನಡಕ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ತನ್ನ ಮುಖ ತನಗೆ ಕಾಣುತ್ತದಲ್ಲ, ಅದೇ ರಾಸ್ಕೋ ಟಾಲಿವರನಿಗೆ ಹೇಸಿಗೆಯೆನಿಸುತ್ತಿತ್ತು. ಕುರುಡನಾಗಿ ತಾನು ಹೇಗೆ ಕಾಣುತ್ತೇನೆಂದು ನೋಡಿಕೊಳ್ಳುವ ಕುರುಡ ಈ ಭೂಮಿಯ ಮೇಲೆ ಇವನೊಬ್ಬನೇ ಇರಬೇಕು. ಗಲ್ಲವನ್ನು ಸ್ವಲ್ಪ ಮೇಲೆತ್ತಿದ. ಹುಟ್ಟುಕುರುಡ ಮುದುಕ ಒಜಾಯಸ್ ಪಿಂಕ್ನಿ ಹಾಗೇ ಎತ್ತುತ್ತಾನೆ, ಯಾರೋ ಮಹಡಿಯಿಂದ ಕರೆದ ಹಾಗೆ. ಎತ್ತಿದ್ದನ್ನು ತಕ್ಷಣ ಇಳಿಸಿದ. ಮುದುಕನ ಹಾಡು ತೆಗೆದುಕೊಂಡದ್ದು ಸಾಲದು ಅಂತ ಈಗ ಅವನ ಗಲ್ಲವನ್ನೂ ತೆಗೆದುಕೊಳ್ಳುವುದೇ? ಹಿಂದೆ ಇಸ್ತ್ರಿ ಮಾಡುತ್ತಿದ್ದ ಲುವೀನಿಯಾ ಇದನ್ನೆಲ್ಲ ನೋಡಿದಳೋ ಇಲ್ಲವೋ, ಒಲೆಯ ಮೇಲಿಂದ ಬಿಸಿ ಇಸ್ತ್ರಿಪೆಟ್ಟಿಗೆ ಎತ್ತಿ, ಬೆರಳಿಗೆ ಉಗುಳು ಹಚ್ಚಿ ಅದಕ್ಕೆ ಚುಂಯ್ ಎನ್ನಿಸಿದಳು.

“ಗಂಜಿ ಹಾಕಿದೀನಿ ಶರ್ಟಿಗೆ,” ಎಂದಳು. “ಕುರುಡನಿಗ್ಯಾಕೆ ಇಷ್ಟು ಶೋಕಿ ಅಂತ ಯಾರಾದ್ರೂ ಕೇಳಿದ್ರೆ ಏನಂತೀಯ?”

“ಹೆಂಡತಿ ಇದಾಳೆ ಅಂತೀನಿ.”

“ಓಹೋ. ಜೂನಿಯಸ್ ಬೆಲ್‌ಗೆ ಮದುವೆ ಬೇರೆ ಆಗಿದೆಯಾ? ಪಾಪ, ಯಾರವಳು?”

ರಾಸ್ಕೋ ನಗಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳ ಇಂಥ ಮಾತಿಗೆ ಪಕ್ಕದ ಮನೆಯವರು ಗೋಡೆ ಬಡಿಯುವಷ್ಟು ನಗುತ್ತಿದ್ದ. ಈಗ ತಮಾಷೆಯೊಳಗೆ ಸೂಜಿಯಿದೆಯೇ ಎಂದು ಮೊದಲು ತಡವಿ ನೋಡುತ್ತಾನೆ. ‘ಬ್ಲೈಂಡ್ ಜೂನಿಯಸ್ ಬೆಲ್’ ಎಂದು ರೆಕಾರ್ಡಿನ ಮೇಲೆ ಅಚ್ಚಾದ ಹೆಸರು ಕಂಪನಿಯವರು ಕಟ್ಟಿದ್ದು. ಕುರುಡರು ಹಾಡಿದ ರೆಕಾರ್ಡುಗಳು ಆಗ ದಕ್ಷಿಣದ ಊರುಗಳಲ್ಲೆಲ್ಲ ಚೆನ್ನಾಗಿ ಖರ್ಚಾಗುತ್ತಿದ್ದವು. ಹೆಸರು ಮೊದಲು ಹುಟ್ಟಿತು, ಅದಕ್ಕೆ ಮನುಷ್ಯ ಆಮೇಲೆ ಸಿಕ್ಕಿದ. ಆ ಹೆಸರು ಇವತ್ತು ಮಧ್ಯಾಹ್ನ ನದಿಯಾಚೆ, ಈಸ್ಟ್ ಸೇಂಟ್ ಲೂಯಿಯ ಒಂದು ಫರ್ನಿಚರ್ ಅಂಗಡಿಯಲ್ಲಿ ಕೂತು ಹಾಡಬೇಕಾಗಿತ್ತು. ಮಂಚ, ಮೇಜು, ಕುರ್ಚಿ ಮಾರುವವರೇ ಗ್ರಾಮಫೋನನ್ನೂ ರೆಕಾರ್ಡನ್ನೂ ಮಾರುತ್ತಿದ್ದರು. ಜನರಿಗೆ ಜೂನಿಯಸ್ ಬೆಲ್‌ನನ್ನು ನೋಡಬೇಕಂತೆ ಎಂದು ಕಂಪನಿಯವನು ಹೇಳಿ ಕಳಿಸಿದ್ದ. ನೋಡಬೇಕಂತೆ, ಎಂಬ ಮಾತನ್ನು ರಾಸ್ಕೋ ವಾರವಿಡೀ ಬಾಯೊಳಗೆ ಹೊರಳಿಸುತ್ತಿದ್ದ, ಹಲ್ಲಿಗೆ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ.

“ನಾನು ಒಜಾಯಸ್ ಅಂಕಲ್ ಹತ್ರ ಹೋಗ್ಬರ್ತೀನಿ,” ಎಂದಳು ಲುವೀನಿಯಾ, ಶರ್ಟಿನ ಕಾಲರು ಮಡಿಸುತ್ತ. “ಸೊಪ್ಪು ಬೇಯಿಸಿದೀನಿ. ಮೂಳೆ ಹಾಕಿ.”

“ಇವತ್ತು ಶನಿವಾರ.”

“ಭಾನುವಾರ ನೀನು ಕೊಡ್ತಿದ್ದೆ ತಟ್ಟೆ. ನಾನು ಕೊಡೋದು ಶನಿವಾರ.”

ಏಪ್ರಿಲ್‌ನಲ್ಲಿ ರೆಕಾರ್ಡು ಬಂದಾಗಿನಿಂದ ರಾಸ್ಕೋ ಮುದುಕನ ಓಣಿಗೆ ಕಾಲಿಟ್ಟಿರಲಿಲ್ಲ. ಅದಕ್ಕೆ ಮೊದಲು ಹನ್ನೆರಡು ಹದಿಮೂರು ವರ್ಷ, ಚರ್ಚು ಮುಗಿದ ಮೇಲೆ, ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಲಾಂಡ್ರಿಯ ಹಿಂದಿನ ಆ ಕೋಣೆಗೆ ಹೋಗುವುದು, ಮುದುಕ ಉಂಡು ಬೆರಳು ನೆಕ್ಕಿ ಗಿಟಾರಿಗೆ ಕೈಹಾಕುವುದು, ಇಬ್ಬರೂ ಕತ್ತಲಾಗುವವರೆಗೆ ನುಡಿಸುವುದು. ಕತ್ತಲಾದದ್ದು ಒಬ್ಬನಿಗೆ ಮಾತ್ರ ತಿಳಿಯುತ್ತಿತ್ತು. ಬಂದರುಕಟ್ಟೆಯಲ್ಲಿ ಪೆಟ್ಟಿಗೆ ಬಿದ್ದು ರಾಸ್ಕೋನ ಎಡಗೈ ಕಿರುಬೆರಳು ಮುರಿದಾಗ ಡಾಕ್ಟರ ಹತ್ತಿರ ಕಳಿಸದೆ ಕಡ್ಡಿ ಕಟ್ಟಿ ಕೂಡಿಸಿದವನು ಒಜಾಯಸ್. ಬೇಕೆಂದೇ ಬಾಗಿಸಿ ಕಟ್ಟಿದ್ದ. ನೆಟ್ಟಗಾದ್ರೆ ಊಟ ಮಾಡೋಕಾಗುತ್ತೆ, ಬಾಗಿದ್ರೆ ತಂತಿ ಹಿಡಿಯೋಕಾಗುತ್ತೆ, ಯಾವ್ದು ಬೇಕು ಹೇಳು, ಎಂದಿದ್ದ. ಆ ಬಾಗಿದ ಬೆರಳಿನಿಂದಲೇ ರಾಸ್ಕೋ ದೊಡ್ಡ ಹಡಗಿನ ಜಾಝ್ ಬ್ಯಾಂಡಿನಲ್ಲಿ ಕಹಳೆಗಳ ನಡುವೆ ಕೂತು ನುಡಿಸಿದ್ದ. ಆ ಗದ್ದಲದಲ್ಲಿ ಗಿಟಾರು ಅವನೊಬ್ಬನಿಗೇ ಕೇಳಿಸುತ್ತಿತ್ತು. ಆಮೇಲೆ ರೆಕಾರ್ಡಿನ ಕೆಲಸ ಬಂತು. ಹಾಡುವ ಹೆಂಗಸರ ಬೆನ್ನಿಗೆ ನಿಂತು ನುಡಿಸಿದ ರೆಕಾರ್ಡುಗಳು ಒಂದು ಕಪಾಟು ತುಂಬ ಇದ್ದವು, ಒಂದರ ಮೇಲೂ ಅವನ ಹೆಸರಿರಲಿಲ್ಲ. ಹಾಡಿದವಳ ಹೆಸರಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಗಿಟಾರ್ ಜೊತೆ’ ಎಂದಿರುತ್ತಿತ್ತು. ಗಿಟಾರು ತಾನೇ ಎದ್ದು ಬಂದು ನುಡಿಸಿಕೊಂಡು ಹೋಯಿತೇನೋ ಅನ್ನುವ ಹಾಗೆ. ಆಗ ಅದಕ್ಕೆ ಎಷ್ಟು ಉರಿದುಕೊಂಡಿದ್ದ! ಈಗ ಜೂನಿಯಸ್ ಬೆಲ್ ಎಂಬ ಅಕ್ಷರ ಕಂಡಾಗಲೆಲ್ಲ, ‘ಗಿಟಾರ್ ಜೊತೆ’ ಎಂದಿದ್ದ ಕಾಲವೇ ಮರ್ಯಾದೆಯದು ಅನಿಸುತ್ತದೆ.

“ಕೇಳಿದ್ರು ನಿನ್ನನ್ನ,” ಎಂದಳು.

“ಏನಂದೆ?”

“ಕೆಲಸ ಜಾಸ್ತಿ ಅಂದೆ. ಸುಳ್ಳಲ್ಲವಲ್ಲ.”

ಅವರು ರೆಕಾರ್ಡು ಕೇಳಿದಾರಾ? ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ಮುದುಕ ಕೇಳಿರದಿದ್ದರೆ ಸಾಕು, ಎಂದೆಂದೂ ಕೇಳದಿದ್ದರೆ ಸಾಕು, ಮಿಕ್ಕಿದ್ದೆಲ್ಲ ಹೇಗಾದರೂ ಆಗಲಿ, ಎಂದು ಅವನು ಈ ಎರಡು ತಿಂಗಳಿಂದ ದೇವರ ಹತ್ತಿರ ಚೌಕಾಸಿ ಮಾಡುತ್ತಿದ್ದ. ಆ ಕೋಣೆಯಲ್ಲಿ ಗ್ರಾಮಫೋನಿಲ್ಲ. ಆದರೆ ಲಾಂಡ್ರಿಯವರ ಮನೆಯಲ್ಲಿದೆ, ಕಿಟಕಿಗಳು ಬೇಸಿಗೆಯಲ್ಲಿ ತೆರೆದೇ ಇರುತ್ತವೆ. ಲುವೀನಿಯಾಳನ್ನು ಕೇಳಿದರೆ ಅವಳು ಉತ್ತರ ಹೇಳಿಬಿಡುತ್ತಾಳೆ ಎಂಬ ಭಯದಿಂದ ಕೇಳಲಿಲ್ಲ. ಶರ್ಟು ತೊಟ್ಟುಕೊಂಡು, ಕನ್ನಡಕವನ್ನು ಜೇಬಿಗಿಳಿಸಿ, ಗಿಟಾರಿನ ಪೆಟ್ಟಿಗೆ ಎತ್ತಿಕೊಂಡ.

ಟ್ರಾಮಿನಲ್ಲಿ ಹಿಂದಿನ ಸೀಟಿನಲ್ಲಿ ಕೂತ. ಎಲ್ಲಿಂದ ಕುರುಡನಾಗಬೇಕು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಸೇತುವೆಯ ಈಚೆ ಕಣ್ಣಿರುವವನಾಗಿ ಹತ್ತಿದವನು ಆಚೆ ಕಣ್ಣಿಲ್ಲದವನಾಗಿ ಇಳಿದರೆ ಕಂಡಕ್ಟರ್ ಏನಂದುಕೊಂಡಾನು? ಒಂದು ನಿಲ್ದಾಣ ಮುಂಚೆ ಇಳಿದು, ಯಾವುದಾದರೂ ಗೋದಾಮಿನ ಹಿಂದೆ ನಿಂತು ಹಾಕಿಕೊಳ್ಳಬೇಕು, ಹೆಂಗಸೊಬ್ಬಳು ಮರೆಯಲ್ಲಿ ಲಂಗ ಸರಿಮಾಡಿಕೊಳ್ಳುವ ಹಾಗೆ. ಕೆಳಗೆ ನದಿ ಕೆಸರುಗೆಂಪಗೆ, ಯಾವ ಅವಸರವೂ ಇಲ್ಲದೆ ಹೋಗುತ್ತಿತ್ತು. ಎದುರಿಗಿದ್ದ ದಪ್ಪ ಹೆಂಗಸು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದಳು. ರೆಕಾರ್ಡು ಮಾಡಿಸಲು ಇಬ್ಬರೂ ಶಿಕಾಗೋಗೆ ಹೋದ ದಿನ ಒಜಾಯಸ್ ರೈಲಿನಲ್ಲಿ ಹೀಗೇ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ, ಮೇಲೆ ಇಡಲು ಕೊಡಲಿಲ್ಲ. ಮಗಾ, ಅಲ್ಲಿ ಯಾವ ಹಾಡು ಹಾಡ್ಲಿ, ಎಂದು ಊರೂರಿಗೂ ಕೇಳಿದ. ‘ಒಂದೇ ಬಾಗಿಲಿನ ಮನೆ’ ಹಾಡಿ ಅಂಕಲ್, ಎಂದು ಹೇಳಿದವನು ರಾಸ್ಕೋನೇ. ಕಂಪನಿಯವನಿಗೆ, ನೀವು ಹುಡುಕ್ತಿರೋ ಕುರುಡ ನಮ್ಮ ಊರಲ್ಲೇ ಇದಾನೆ, ಎಂದು ಹೇಳಿದವನೂ ರಾಸ್ಕೋನೇ. ಆವರೆಗಿನದೆಲ್ಲ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಯಾರು ಬೇಕಾದರೂ ವಿಚಾರಿಸಲಿ. ಆವರೆಗಿನದಕ್ಕೆ ಅವನು ಬೈಬಲ್ ಮುಟ್ಟಲು ಸಿದ್ಧನಿದ್ದ.

ಶಿಕಾಗೋದಲ್ಲಿ ಕಂಪನಿಯ ಕಟ್ಟಡಕ್ಕೆ ಸಾಮಾನಿನ ಲಿಫ್ಟಿನಲ್ಲಿ ಮೇಲೆ ಹೋದದ್ದು. ಕೋಣೆಯ ಗೋಡೆಗೆಲ್ಲ ಕಂಬಳಿ ಹೊದೆಸಿದ್ದರು, ಹಾಡು ಕೊರೆಯುವ ಮೇಣದ ತಟ್ಟೆ ಮೆತ್ತಗಿರಲಿ ಅಂತ ಕಿಟಕಿ ಮುಚ್ಚಿ ಸೆಕೆ ಹಿಡಿಸಿದ್ದರು. ಹಾಡುವವನ ಎದುರು ಗೋಡೆಯಲ್ಲೊಂದು ಕೆಂಪು ದೀಪ. ಒಂದು ಸಲ ಹತ್ತಿದರೆ ಶುರು. ಇನ್ನೊಂದು ಸಲ ಹತ್ತಿದರೆ ಮೇಣ ಮುಗಿಯುತ್ತ ಬಂತು, ಚರಣ ಮುಗಿಸಿ ನಿಲ್ಲಿಸು ಅಂತ. ಮೂರು ನಿಮಿಷದ ಮೇಲೆ ಒಂದು ಉಸಿರೂ ಹಿಡಿಸದು. ಕುರುಡನಿಗೆ ದೀಪ ಹೇಗೆ ಕಾಣಬೇಕು? ನೀನು ಹಿಂದೆ ನಿಂತ್ಕೋ, ದೀಪ ಬಂದ ಕೂಡಲೇ ಹೆಗಲ ಮೇಲೆ ಎರಡು ಸಲ ತಟ್ಟು, ಎಂದರು ರಾಸ್ಕೋಗೆ. ಅಷ್ಟೇ ಅವನ ಕೆಲಸ. ಮೊದಲ ಸಲ ತಟ್ಟಿದಾಗ ಒಜಾಯಸ್ ಬೆಚ್ಚಿ, ಹಾಡು ನಿಲ್ಲಿಸಿ, ಏನಾಯ್ತು ಮಗಾ, ಎಂದು ಹಿಂದಿರುಗಿ ಕೇಳಿದ. ಅದೂ ಮೇಣದಲ್ಲಿ ಕೊರೆದು ಹೋಯಿತು. ಎರಡನೆಯ ಮೇಣದಲ್ಲಿ, ತಟ್ಟಿದ ಮೇಲೆ ಸಾವಕಾಶವಾಗಿ ಚರಣ ಮುಗಿಸಿ, ಗಿಟಾರಿನಲ್ಲಿ ಒಂದು ಸುತ್ತು ಹೋಗಿ ಬಂದ, ಅಷ್ಟರಲ್ಲಿ ಮೇಣ ಮುಗಿದಿತ್ತು. ಮನೆಗೆ ಬೆಂಕಿ ಬಿದ್ದವನ ಹಾಗೆ ಹಾಡಿನಿಂದ ಓಡಿ ಬರುವುದು ಅವನಿಗೆ ಗೊತ್ತಿರಲಿಲ್ಲ. ಗಾಜಿನ ಆಚೆ ಯಂತ್ರ ನಡೆಸುತ್ತಿದ್ದವನು ಟೋಪಿ ನೆಲಕ್ಕೆ ಎಸೆದ. ಮೂರನೆಯ ಮೇಣದಲ್ಲಿ ನಾಲ್ಕು ಚರಣವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ನಾಲ್ಕು ಮುಗಿಯಿತು, ಇನ್ನು ನಿಲ್ಲಿಸುತ್ತಾನೆ ಅನ್ನುವಷ್ಟರಲ್ಲಿ ಮುದುಕ ಐದನೆಯದನ್ನು ಎತ್ತಿದ.

*ಮನೆಗೆ ಬಂದವನಿಗೆ ನನ್ನ ಕುರ್ಚಿ ಕೊಟ್ಟೆ, ನಾನು ಬಾಗಿಲ ಬಳಿ ನಿಂತೆ.*

ಅಷ್ಟು ಭಾನುವಾರಗಳಲ್ಲಿ ಈ ಚರಣವನ್ನು ರಾಸ್ಕೋ ಒಮ್ಮೆಯೂ ಕೇಳಿರಲಿಲ್ಲ. ಯಾರಿಗಾಗಿ ಇಟ್ಟುಕೊಂಡಿದ್ದನೋ. ಒಂದು ಸಾಲು ಎರಡು ಸಲ, ಮೂರನೆಯದು ಅದಕ್ಕೆ ಉತ್ತರ, ಎಂಬ ಇಂಥ ಹಾಡುಗಳ ಪದ್ಧತಿಯಂತೆ ಒಜಾಯಸ್ ಅದೇ ಸಾಲನ್ನು ಎರಡನೆಯ ಸಲ ಹಾಡಿದ, ಸ್ವಲ್ಪ ಮೇಲಿನ ಸ್ವರಕ್ಕೆ ಎತ್ತಿ. ದೀಪ ಹತ್ತಿತು. ರಾಸ್ಕೋನ ಕೈ ಮೇಲೆದ್ದಿತು. ಎದ್ದ ಕೈ ಹೆಗಲಿನಿಂದ ಒಂದು ಗೇಣು ಮೇಲೆ ನಿಂತುಬಿಟ್ಟಿತು. ಮೂರನೆಯ ಸಾಲು ಏನು? ಕುರ್ಚಿ ಕೊಟ್ಟ ಮೇಲೆ ಏನಾಯಿತು? ಅದನ್ನು ಕೇಳುವ ಆಸೆಯಿಂದ ಕೈ ನಿಂತಿತು, ಬೇರೇನೂ ಅಲ್ಲ, ಎಂದು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಹೇಳಿಕೊಂಡಾಗಲೆಲ್ಲ ಅದು ನಿಜವೆನಿಸುತ್ತದೆ, ಹೇಳಿ ಮುಗಿದ ಕೂಡಲೇ ಅಲ್ಲ ಅನಿಸುತ್ತದೆ. ಮೇಣ ಮುಗಿದು ಸೂಜಿ ಎತ್ತಿದರು, ಬಾಗಿಲು ದಡಾರನೆ ತೆರೆದುಕೊಂಡಿತು, ಮುದುಕ ಬಾಯಿ ತೆರೆದವನು ಹಾಗೇ ಮುಚ್ಚಿದ. ಮೂರನೆಯ ಸಾಲು ಅವನ ಬಾಯೊಳಗೇ ಉಳಿಯಿತು. ಕಂಪನಿಯವನು ರಾಸ್ಕೋನನ್ನು ಮೂಲೆಗೆ ಕರೆದು, ಇನ್ನೊಂದೇ ಮೇಣ ಉಳಿದಿರೋದು, ಹೆಸರು ಆಗಲೇ ಅಚ್ಚಿಗೆ ಹೋಗಿದೆ, ನಿನಗೇನಾದ್ರೂ ಈ ಹಾಡು ಬರು... ಎನ್ನುತ್ತಿದ್ದ. “ಬರುತ್ತೆ,” ಎಂದ ರಾಸ್ಕೋ.

ಪ್ರಶ್ನೆ ಮುಗಿಯುವ ಮೊದಲೇ ಅಂದಿದ್ದ. ಮಾಡಿದ್ದೆಲ್ಲಕ್ಕೂ ಅವನಲ್ಲಿ ಒಂದೊಂದು ಸಮಾಧಾನವಿತ್ತು, ಆ ಅವಸರಕ್ಕೆ ಮಾತ್ರ ಇರಲಿಲ್ಲ. ರಾತ್ರಿ ಮಗ್ಗುಲು ಬದಲಾಯಿಸುವಾಗಲೂ, ಮಾರ್ಕೆಟಿನಲ್ಲಿ ಆಲೂಗಡ್ಡೆ ಆರಿಸುವಾಗಲೂ ಆ ಒಂದು ಮಾತು ಕಿವಿಯ ಹತ್ತಿರ ಬಂದು ಬಿದ್ದರೆ ಸುಮ್ಮನೆ ಕೆಮ್ಮಿ ಅದನ್ನು ಮುಚ್ಚಲು ನೋಡುತ್ತಿದ್ದ. ಒಜಾಯಸನನ್ನು ಹೊರಗೆ ಲಿಫ್ಟಿನ ಪಕ್ಕ ಕುರ್ಚಿ ಹಾಕಿ ಕೂರಿಸಿ, ಕೈಗೆ ಹ್ಯಾಮ್ ಸ್ಯಾಂಡ್‌ವಿಚ್ ಕೊಟ್ಟರು. ಒಳಗೆ ರಾಸ್ಕೋಗೆ, ನಿನ್ನ ಕಾಲು ತಾಳ ಹಾಕುತ್ತೆ, ಸದ್ದು ಬರುತ್ತೆ, ಬೂಟು ಬಿಚ್ಚು, ಎಂದರು. ಬಿಚ್ಚಿದ. ಬಲಗಾಲಿನ ಕಾಲುಚೀಲದಲ್ಲಿ ಹೆಬ್ಬೆರಳು ಪೂರ್ತಿ ಆಚೆ ಬಂದಿತ್ತು. ಗಾಜಿನ ಆಚೆಯವನು ಅದನ್ನು ನೋಡಿ ಮುಖ ತಿರುಗಿಸಿ ನಕ್ಕ. ರಾಸ್ಕೋ ಬೆರಳನ್ನು ಇನ್ನೊಂದು ಪಾದದ ಕೆಳಗೆ ಅಡಗಿಸಿ ಇಟ್ಟುಕೊಂಡು ಇನ್ನೊಬ್ಬನ ಹಾಡನ್ನು ಹಾಡಿದ. ಅಂಕಲ್‌ಗೆ ಇದು ಕಾಣಲಿಲ್ಲವಲ್ಲ ಎಂದು ಆಗ ಅನಿಸಿದ್ದು ಕಾಲುಚೀಲದ ಬಗ್ಗೆ, ಹಾಡಿನ ಬಗ್ಗೆ ಅಲ್ಲ. ನಾಲ್ಕನೆಯ ಚರಣಕ್ಕೆ ದೀಪ ಹತ್ತಿತು, ಅವನು ಅದನ್ನು ನೋಡಿ ಚೊಕ್ಕವಾಗಿ ನಿಲ್ಲಿಸಿದ. ದೀಪ ಕಂಡದ್ದರಿಂದಲೇ ಅವನು ಕುರುಡ ಜೂನಿಯಸ್ ಬೆಲ್ ಆದ.

ಮರಳಿ ಬರುವ ರೈಲಿನಲ್ಲಿ, “ಇಷ್ಟು ಹೊತ್ತು ಒಳಗೆ ಏನ್ ಮಾಡ್ತಿದ್ದೆ ಮಗಾ?” ಎಂದು ಮುದುಕ ಕೇಳಿದ್ದ.

“ನಿಮ್ಮ ಪರವಾಗಿ ಮಾತಾಡ್ತಿದ್ದೆ ಅಂಕಲ್. ಅವರು ಒಪ್ಪಲಿಲ್ಲ. ಇಬ್ಬರದೂ ಬೇಡವಂತೆ.”

“ಹೋಗ್ಲಿ ಬಿಡು. ನಿಂಗೆ ಸುಮ್ನೆ ಒಂದಿನದ ಕೆಲಸ ಕೆಡಿಸ್ದೆ ನಾನು. ಬೇಜಾರು ಮಾಡ್ಕೋಬೇಡ.” ಆಮೇಲೆ ಜೇಬಿನಿಂದ ಕಾಗದದಲ್ಲಿ ಸುತ್ತಿದ ಅರ್ಧ ಸ್ಯಾಂಡ್‌ವಿಚ್ ತೆಗೆದು, ನಿನಗೆ ಅಂತ ಇಟ್ಟಿದ್ದೆ, ಎಂದು ಕೊಟ್ಟ. ರಾಸ್ಕೋ ಅದನ್ನು ತಿಂದ. ಹಸಿವಾಗಿತ್ತು.

ಟ್ರಾಮು ನಿಂತಿತು. ಅವನು ಒಂದು ನಿಲ್ದಾಣ ಮುಂಚೆ ಇಳಿಯುವುದನ್ನು ಮರೆತಿದ್ದ. ಅಂಗಡಿಯ ಎದುರಿಗೇ ಇಳಿದು, ಗಿಟಾರಿನ ಪೆಟ್ಟಿಗೆಯ ಮರೆಯಲ್ಲಿ, ಹಲ್ಲು ನೋವಿರುವವನ ಹಾಗೆ ಮುಖ ತಗ್ಗಿಸಿ ಕನ್ನಡಕ ಹಾಕಿಕೊಂಡ. ಯಾರೂ ನೋಡಲಿಲ್ಲ. ಬೀದಿ ಇದ್ದಕ್ಕಿದ್ದಂತೆ ಸಂಜೆಯಾಯಿತು.

ಬಾಗಿಲಿಗೆ ಬಂದು ಅವನ ಮೊಣಕೈ ಹಿಡಿದವಳು ಐಡೆಲ್ಲಾ ಎಂಬ ಹೆಂಗಸು, ರೆಕಾರ್ಡಿನ ಕೌಂಟರು ನೋಡಿಕೊಳ್ಳುವವಳು. ಒಳ್ಳೆಯ ಹೆಂಗಸು. “ಇಲ್ಲೊಂದು ಮೆಟ್ಲಿದೆ ಬೆಲ್ ಅವರೇ, ನಿಧಾನ. ಇನ್ನೊಂದು. ಹಾಂ, ಬಂತು,” ಎಂದು ಅವನಿಗೆ ಚೆನ್ನಾಗಿ ಕಾಣುತ್ತಿದ್ದ ಮೆಟ್ಟಿಲುಗಳನ್ನು ಒಂದೊಂದಾಗಿ ದಾಟಿಸಿದಳು. ಬೇಕೆಂದೇ ಒಂದನ್ನು ಎಡವಿದ. ಎಡವಿದ್ದಕ್ಕೆ ಅವಳು, ಅಯ್ಯೋ ನನ್ನ ತಪ್ಪು, ಎಂದಳು. ಹಿಂದಿನ ಕೋಣೆಯಲ್ಲಿ ಮಂಚಗಳ ನಡುವೆ ಕೂರಿಸಿ, ನೀರು ಕೊಟ್ಟು, ಜನ ಸೇರಲಿ ಅಂತ ಅಲ್ಲೇ ನಿಂತಳು. ಹೊರಗೆ ಅವನದೇ ರೆಕಾರ್ಡು ತಿರುಗುತ್ತಿತ್ತು. ಸ್ವಲ್ಪ ಹೊತ್ತು ನಿಂತವಳು, ಕೋಣೆಯಲ್ಲಿ ಯಾರೂ ಇಲ್ಲವೆಂಬಂತೆ ಸಲೀಸಾಗಿ ಬಗ್ಗಿ, ಲಂಗವನ್ನು ತೊಡೆಯವರೆಗೆ ಎತ್ತಿ ಜಾರಿದ ಸ್ಟಾಕಿಂಗನ್ನು ಎಳೆದು ಕಟ್ಟಿಕೊಂಡಳು. ರಾಸ್ಕೋ ಮುಖ ತಿರುಗಿಸುವ ಹಾಗಿರಲಿಲ್ಲ. ಕುರುಡನೇಕೆ ಮುಖ ತಿರುಗಿಸುತ್ತಾನೆ? ಕಣ್ಣು ಮುಚ್ಚಿಕೊಂಡ. ಮುಚ್ಚುವುದಕ್ಕೆ ಮುಂಚೆ ಒಂದು ಕ್ಷಣ ಮುಚ್ಚದೆ ಇದ್ದದ್ದೂ ಅವನಿಗೆ ಗೊತ್ತಾಯಿತು. ಇನ್ನು ನಾನು ಕದಿಯದೆ ಬಿಟ್ಟದ್ದು ಏನು ಉಳಿದಿದೆ, ಎಂದುಕೊಂಡ.

“ಮುಂದಿನ ತಿಂಗಳು ಇನ್ನೂ ನಾಲ್ಕು ಹಾಡು ಬೇಕಂತೆ ಕಂಪನಿಯವರಿಗೆ. ಹೇಳೋಕೆ ಹೇಳಿದ್ರು,” ಎಂದಳು ಐಡೆಲ್ಲಾ. “ನಿಮ್ಮ ಹತ್ರ ಬೇಕಾದಷ್ಟು ಇರುತ್ತಲ್ಲ.”

ಅವನ ಹತ್ತಿರ ಒಂದೂ ಇರಲಿಲ್ಲ. ಕೈಯಲ್ಲಿ ಎಂಥ ಸ್ವರವೂ ಬರುತ್ತಿತ್ತು, ಮಾತು ಹುಟ್ಟುತ್ತಿರಲಿಲ್ಲ. ಹಾಡುಗಳಿದ್ದದ್ದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ. ಒಂದು ತಟ್ಟೆ ಸೊಪ್ಪು ತೆಗೆದುಕೊಂಡು ಹೋಗಿ, ಕೂತು, ಸುಮ್ಮನೆ ಕೇಳಿಸಿಕೊಂಡು ಬಂದರೆ... ಈ ಯೋಚನೆ ಇವತ್ತಿನದಲ್ಲ ಎಂದು ಗೊತ್ತಾಗಿ, ಕೂತಲ್ಲೇ ಅವನ ಕಿವಿ ಬಿಸಿಯಾಯಿತು.

ಅಂಗಡಿಯ ಮುಂಭಾಗದಲ್ಲಿ, ದೊಡ್ಡ ಗಾಜಿನ ಕಿಟಕಿಯ ಪಕ್ಕ, ಮಾರಾಟದ ಕುರ್ಚಿಯೊಂದನ್ನು ಹಾಕಿದ್ದರು. ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು. ಮಾಂಸದ ಕಾರ್ಖಾನೆಯಿಂದ ಅರ್ಧ ದಿನದ ಕೆಲಸ ಮುಗಿಸಿ ಬಂದ ಗಂಡಸರು, ಹ್ಯಾಟು ಹಾಕಿಕೊಂಡ ಹೆಂಗಸರು, ಒಟ್ಟು ಮೂವತ್ತು ನಲವತ್ತು ಜನ. ಒಬ್ಬ ಮುದುಕಿ ಮುಂದೆ ಬಂದು ಅವನ ಅಂಗೈ ಬಿಡಿಸಿ ಒಂದು ಪೀಚ್ ಹಣ್ಣು ಇಟ್ಟು, ಅದು ಏನೆಂದು ಅವನಿಗೆ ತಿಳಿಯಲಿ ಅಂತ ಬೆರಳುಗಳನ್ನು ಅದರ ಸುತ್ತ ಮಡಿಸಿದಳು. “ತಗೋ ಕಂದ. ನಮ್ಮ ಮರದ್ದು.” ರಾಸ್ಕೋ ತಡವಿ ಅದನ್ನು ಜೇಬಿಗಿಳಿಸಿದ. ಅಷ್ಟರಲ್ಲಿ ಬಾಗಿಲು ತೆರೆಯಿತು, ಮತ್ತು ರಾಸ್ಕೋ ತನ್ನ ಹೆಂಡತಿಯನ್ನು ಕಂಡ.

ಲುವೀನಿಯಾ ಭಾನುವಾರದ ಹ್ಯಾಟು ಹಾಕಿಕೊಂಡಿದ್ದಳು. ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು, ಗಲ್ಲ ಎತ್ತಿ, ಒಜಾಯಸ್ ಪಿಂಕ್ನಿ ಒಳಗೆ ಬಂದ. ಜನ ಇಬ್ಬರು ಕುರುಡರನ್ನು ಒಟ್ಟಿಗೆ ಕಂಡ ಸಡಗರದಲ್ಲಿ ದಾರಿ ಬಿಟ್ಟರು. ರಾಸ್ಕೋ ಏಳುವ ಹಾಗಿರಲಿಲ್ಲ, ಗುರುತು ಹಿಡಿಯುವ ಹಾಗಿರಲಿಲ್ಲ, ಎಲ್ಲರ ಹಾಗೆ ಬಾಗಿಲ ಕಡೆ ತಿರುಗುವ ಹಾಗೂ ಇರಲಿಲ್ಲ. ಎದುರಿನ ಕಪಾಟನ್ನು ನೋಡುತ್ತ ಕೂತ. ಕಣ್ಣಂಚಿನಲ್ಲಿ ಲುವೀನಿಯಾ ನೇರವಾಗಿ ಅವನ ಕನ್ನಡಕವನ್ನೇ ನೋಡುತ್ತಿದ್ದಳು, ನೋಡುತ್ತಲೇ ಇದ್ದಳು.

“ಬೆಲ್ ಅವರೇ,” ಎಂದಳು, ಗುರುತಿಲ್ಲದ ದೊಡ್ಡ ಮನುಷ್ಯರೊಡನೆ ಮಾತಾಡುವ ದನಿಯಲ್ಲಿ. “ಇವರು ನಮ್ಮ ಊರಿನ ಹಿರಿಯರು. ನಿಮ್ಮ ರೆಕಾರ್ಡು ಕೇಳಿದಾರೆ, ಲಾಂಡ್ರಿಯವರ ಮನೇಲಿ. ಬೆಲ್ ಬರ್ತಾನಂತೆ ಕರ್ಕೊಂಡು ಹೋಗಮ್ಮ ಅಂದ್ರು. ಬೇಡ ಅನ್ನೋಕೆ ನಾನ್ಯಾರು?”

ಕೇಳಿದಾರೆ. ಎರಡು ತಿಂಗಳ ಚೌಕಾಸಿಯಲ್ಲಿ ದೇವರು ಯಾವತ್ತೂ ಮಾತು ಕೊಟ್ಟಿರಲಿಲ್ಲವೆಂದು ರಾಸ್ಕೋಗೆ ಈಗ ನೆನಪಾಯಿತು. ಒಜಾಯಸ್ ಕೈ ಚಾಚಿದ. ಚಾಚಿದ ಕೈಗೆ ಕೈ ಕೊಡದಿರುವಂತಿಲ್ಲ, ಕಾಣದವನ ಹಾಗೆ ತಡವಿಯೇ ಕೊಡಬೇಕು. ಬಲಗೈ ಕೊಟ್ಟ. ಮುದುಕ ಬಲಗೈಯನ್ನು ಬಿಟ್ಟು, ಏನನ್ನೋ ಹುಡುಕುವವನ ಹಾಗೆ ಎಡಗೈಯನ್ನು ತೆಗೆದುಕೊಂಡ. ಹೆಬ್ಬೆರಳಿನಿಂದ ಒಂದೊಂದೇ ಬೆರಳು ಮುಟ್ಟುತ್ತ ಬಂದು, ಬಾಗಿದ ಕಿರುಬೆರಳಿನ ಗಂಟಿನ ಮೇಲೆ ಬೆರಳು ನಿಲ್ಲಿಸಿದ.

“ಕಣ್ಣು ಹುಟ್ಟಿದಾಗ್ಲಿಂದ ಇಲ್ವೋ, ಆಮೇಲೆ ಹೋದದ್ದೋ?” ಎಂದು ಕೇಳಿದ.

“ಆಮೇಲೆ,” ಎಂದ ರಾಸ್ಕೋ. ದನಿ ಬದಲಿಸಲು ನೋಡಿದ, ಆಗಲಿಲ್ಲ.

“ಹಾಗಾದ್ರೆ ಕಷ್ಟ ಮಗಾ. ನನಗಾದ್ರೆ ಮೊದ್ಲಿಂದ ಹೀಗೇ, ಅಭ್ಯಾಸ ಆಗೋಗಿದೆ.” ಜನರ ಕಡೆ ಮುಖ ಮಾಡಿ ಹೇಳಿದ, “ನಾವು ಕುರುಡರು ಹಾಡು ಕೇಳೋದು ಹೆಗಲಿನ ಮೇಲೆ ಕೈಯಿಟ್ಟು. ಯಾರೂ ತಪ್ಪು ತಿಳ್ಕೋಬೇಡಿ.” ಎಲ್ಲರೂ ನಕ್ಕರು. ಅವನು ಕುರ್ಚಿಯ ಹಿಂದೆ ಬಂದು ನಿಂತ. ಒಣಗಿದ, ಹಗುರವಾದ ಕೈಯೊಂದು ರಾಸ್ಕೋನ ಗಂಜಿ ಹಾಕಿದ ಶರ್ಟಿನ ಮೇಲೆ ಕೂತಿತು. ಬಗ್ಗಿ ಮೆಲ್ಲಗೆ ಹೇಳಿದ: “ಅಲ್ಲಿ ಎರಡು ಸಲ ತಟ್ಟಿ ನಿಲ್ಲಿಸ್ತಾರಲ್ಲ. ಇವತ್ತು ನಾನು ತಟ್ತೀನಿ. ತಟ್ಟೋವರ್ಗೂ ಹಾಡು.”

*ನನ್ನ ಮನೆಗೆ ಒಂದೇ ಬಾಗಿಲು, ಅದೂ ಗಾಳಿಗೆ ತೆರೆಯುತ್ತೆ* ಎಂದು ರಾಸ್ಕೋ ಶುರುಮಾಡಿದ. ಬೆರಳುಗಳು ತಮ್ಮ ಪಾಡಿಗೆ ತಾವು ಹೋದವು. ಜನ ತಲೆದೂಗಿದರು. ಒಂದು ಚರಣ, ಎರಡು, ಮೂರು, ನಾಲ್ಕು. ರೆಕಾರ್ಡಿನಲ್ಲಿ ನಿಲ್ಲುವ ಜಾಗ ಬಂತು. ಚಪ್ಪಾಳೆಗೆ ಕೈಗಳು ಎದ್ದವು. ಹೆಗಲ ಮೇಲಿನ ಕೈ ಅಲ್ಲಾಡಲಿಲ್ಲ. ರಾಸ್ಕೋ ಗಿಟಾರಿನಲ್ಲಿ ಒಂದು ಸುತ್ತು ಹೋಗಿ ಬಂದ, ಇನ್ನೊಂದು ಹೋಗಿ ಬಂದ. ತಟ್ಟಲಿಲ್ಲ. ಮೊದಲನೆಯ ಚರಣವನ್ನೇ ಮತ್ತೆ ಹಾಡಿದ, ಎರಡನೆಯದನ್ನೂ ಹಾಡಿದ. ಎತ್ತಿದ ಕೈಗಳು ಕೆಳಗಿಳಿದವು, ಹಿಂದೆ ಯಾರೋ ಮಾತಿಗೆ ಶುರುಮಾಡಿದರು, ಪೀಚ್ ಕೊಟ್ಟ ಮುದುಕಿ ಮಾತ್ರ ಬಾಯಿ ತೆರೆದು ನೋಡುತ್ತಿದ್ದಳು. ಬೆವರು ಕನ್ನಡಕದ ಒಳಗೆ ಇಳಿದು ಕಣ್ಣು ಉರಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಶಿಕಾಗೋದ ಆ ಕೋಣೆಯಲ್ಲಿ, ಆ ಸೆಕೆಯಲ್ಲಿ, ಇನ್ನೊಬ್ಬನ ಕೈಗಾಗಿ ಕಾಯುತ್ತ ಹಾಡುವುದೆಂದರೆ ಇದು. ಹಿಂದೆ ನಿಂತವನು ನಂಬಿಕಸ್ಥ, ಬೇಕಾದಾಗ ತಟ್ಟುತ್ತಾನೆ ಎಂದುಕೊಂಡು ಮುದುಕ ನೆಮ್ಮದಿಯಾಗಿ ಹಾಡಿದ್ದ. ಅದಕ್ಕೇ ಐದನೆಯದಕ್ಕೆ ಹೋಗಿದ್ದ.

ಬೇರೆ ದಾರಿ ಕಾಣದೆ ರಾಸ್ಕೋನೂ ಐದನೆಯದಕ್ಕೆ ಹೋದ. *ಮನೆಗೆ ಬಂದವನಿಗೆ ನನ್ನ ಕುರ್ಚಿ ಕೊಟ್ಟೆ, ನಾನು ಬಾಗಿಲ ಬಳಿ ನಿಂತೆ.* ಮಾತಾಡುತ್ತಿದ್ದವರು ಸುಮ್ಮನಾದರು. ಇದು ರೆಕಾರ್ಡಿನಲ್ಲಿಲ್ಲದ್ದು. ಅದೇ ಸಾಲನ್ನು ಎರಡನೆಯ ಸಲ, ಸ್ವಲ್ಪ ಮೇಲೆ ಎತ್ತಿ ಹಾಡಿದ. ಮೂರನೆಯದರ ಜಾಗ ಬಂತು. ಅವನ ಹತ್ತಿರ ಮೂರನೆಯದಿರಲಿಲ್ಲ. ಗಿಟಾರು ಒಂದೇ ಹೋಯಿತು, ಮಾತಿಲ್ಲದೆ, ಎಲ್ಲರಿಗೂ ಗೊತ್ತಾಗುವ ಹಾಗೆ. ಮತ್ತೆ ಸುತ್ತಿ ಬಂದು ಮತ್ತೆ ಕುರ್ಚಿ ಕೊಟ್ಟ, ಮತ್ತೆ ಬಾಗಿಲ ಬಳಿ ನಿಂತ. ಮತ್ತೆ ಬರಿದು. ಆಗ ಒಜಾಯಸ್ ಬಗ್ಗಿದ. ಪುಸ್ತಕ ಓದಲು ಬಾರದ ಸಭೆಗೆ ಚರ್ಚಿನ ಹಿರಿಯನು ಕೀರ್ತನೆಯ ಸಾಲನ್ನು ಮೊದಲು ಬಾಯಿಮಾತಿನಲ್ಲಿ ಹೇಳಿ, ಸಭೆ ಅದನ್ನು ಹಾಡುತ್ತದಲ್ಲ, ಹಾಗೆ, ರಾಗವಿಲ್ಲದೆ, ಅವನ ಕಿವಿಯಲ್ಲಿ ಹೇಳಿದ:

“ಹೋಗುವಾಗ ಹೇಳಿ ಹೋಗಯ್ಯ, ಕುರ್ಚಿ ಖಾಲಿಯಾದ್ದು ನನಗೆ ಕಾಣೋದಿಲ್ಲ.”

ರಾಸ್ಕೋ ಹಾಡಿದ. ಹೋಗುವಾಗ ಹೇಳಿ ಹೋಗಯ್ಯ, ಎಂದು ನಲವತ್ತು ಜನರ ಮುಂದೆ, ಅವನು ಇದುವರೆಗೆ ಹಾಡಿದ್ದೆಲ್ಲಕ್ಕಿಂತ ಚೆನ್ನಾಗಿ ಹಾಡಿದ. ಅದೂ ಅವನಿಗೆ ಗೊತ್ತಾಯಿತು, ಅಂಥ ಹೊತ್ತಿನಲ್ಲೂ. ಯಾರೋ ಹೆಂಗಸು, ಆಹಾ ದೇವರೇ, ಎಂದಳು. ಕೈ ಎರಡು ಸಲ ತಟ್ಟುವುದಕ್ಕಾಗಿ ಅವನು ಕಾದ. ಕೈ ತಟ್ಟಲಿಲ್ಲ. ಸುಮ್ಮನೆ ಮೇಲೆದ್ದು ಹೋಯಿತು. ಹೆಗಲು ಇದ್ದಕ್ಕಿದ್ದಂತೆ ತಣ್ಣಗಾಯಿತು. ನಿಲ್ಲಿಸಲು ಯಾರೂ ಹೇಳಿರಲಿಲ್ಲವಾದ್ದರಿಂದ ಬೆರಳುಗಳು ಇನ್ನೂ ನುಡಿಸುತ್ತಿದ್ದವು. ಮುದುಕ ಲುವೀನಿಯಾಳ ಹೆಗಲು ಹಿಡಿದು ಜನರ ನಡುವೆ ಹೋದ. ಬಾಗಿಲಿನಲ್ಲಿ ನಿಂತು, ಕುರ್ಚಿ ಇರುವ ಕಡೆಗೆ ಸರಿಯಾಗಿ ಮುಖ ತಿರುಗಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ನಾನು ಹೊರಟೆ, ರಾಸ್ಕೋ.”

ಲುವೀನಿಯಾ ಹಿಂದಿರುಗಿ ನೋಡಲಿಲ್ಲ. ಬಾಗಿಲು ಮುಚ್ಚಿತು. ಜನ ಚಪ್ಪಾಳೆ ತಟ್ಟಿದರು. ಗಾಜಿನ ಆಚೆ ಇಬ್ಬರೂ ಬೀದಿ ದಾಟುವುದು, ಟ್ರಾಮಿಗೆ ಕಾಯುವುದು, ಅವಳು ತನ್ನ ಹ್ಯಾಟು ತೆಗೆದು ಮುದುಕನ ತಲೆಗೆ ಬಿಸಿಲು ತಾಗದ ಹಾಗೆ ಹಿಡಿಯುವುದು, ಎಲ್ಲ ಅವನಿಗೆ ಕಾಣುತ್ತಿತ್ತು. ಎದ್ದು ಓಡಿದರೆ ಸಿಗುವಷ್ಟೇ ದೂರ. ಓಡುವ ಕುರುಡನನ್ನು ಈ ಜನ ಏನೆಂದು ನೋಡಿಯಾರು ಎಂದು ಯೋಚಿಸುತ್ತಿದ್ದ ಹಾಗೆಯೇ ಟ್ರಾಮು ಬಂತು, ಹೋಯಿತು, ಬೀದಿಯ ಆ ಬದಿ ಖಾಲಿಯಾಯಿತು.

ಐಡೆಲ್ಲಾ ಪಕ್ಕಕ್ಕೆ ಬಂದು ಬಗ್ಗಿ ಕೇಳಿದಳು, “ಆ ತಾತ ಯಾರನ್ನೋ ರಾಸ್ಕೋ ಅಂದ್ರಲ್ಲ. ಯಾರದು? ಯಾರ ಕಡೆ ನೋಡಿ ಅಂದ್ರು?” ಅಂದವಳು ತಟ್ಟನೆ ನಾಲಗೆ ಕಚ್ಚಿಕೊಂಡಳು. “ಅಯ್ಯೋ, ನಾನೊಬ್ಬಳು. ಹೋಗಿ ಹೋಗಿ ನಿಮ್ಮನ್ನ ಕೇಳ್ತಿದೀನಲ್ಲ. ತಪ್ಪಾಯ್ತು ಬೆಲ್ ಅವರೇ.”

“ಪರವಾಗಿಲ್ಲ,” ಎಂದ ರಾಸ್ಕೋ. “ಅಭ್ಯಾಸ ಆಗೋಗಿದೆ.”